ಗಾಜಿಗೆ ಏನೂ ಅಂಟುವುದಿಲ್ಲ

ಬಸವನಹುಳುವಿನ ಹೃದಯವನ್ನು ಹೊರತೆಗೆದು, ಎರಡು ತುದಿಗೂ ದಾರ ಕಟ್ಟಿ, ಹದವಾದ ಉಪ್ಪುನೀರಿನಲ್ಲಿ ಇಳಿಬಿಟ್ಟರೆ ಅದು ನಿಲ್ಲುವುದಿಲ್ಲ. ಚಿಪ್ಪು ಹೋಯಿತು, ಮೈ ಹೋಯಿತು, ಹೇಳುವವರು ಕೇಳುವವರು ಯಾರೂ ಇಲ್ಲ. ಆದರೂ ಕಾಳಿನಷ್ಟು ಗಾತ್ರದ ಆ ಮಾಂಸದ ಚೂರು ಸಂಜೆಯವರೆಗೂ ತನ್ನ ಪಾಡಿಗೆ ತಾನು ಮಿಡಿಯುತ್ತಲೇ ಇರುತ್ತದೆ. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆಲ್ಲ ಅವಳು ಮೊದಲು ತೋರಿಸುತ್ತಿದ್ದದ್ದು ಇದನ್ನೇ. ಕೆಲವರು ಮುಖ ಸಿಂಡರಿಸುತ್ತಿದ್ದರು. ಕೆಲವರು, ಪಾಪ, ಏನಾದರೂ ಹೇಳಬೇಕಲ್ಲ ಅಂತ, ಚೆನ್ನಾಗಿದೆ ಮೇಡಂ ಅನ್ನುತ್ತಿದ್ದರು. ಮಾತೇ ಹೊರಡದೆ ಬಾಯಿ ಬಿಟ್ಟುಕೊಂಡು ನಿಂತವರನ್ನು ಮಾತ್ರ ಅವಳು ತನ್ನ ಕಡೆಯವರೆಂದು ಲೆಕ್ಕ ಹಾಕುತ್ತಿದ್ದಳು.

ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ ಬಸವನಹುಳು ಮೇಡಂ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಹೆಸರಿಟ್ಟವರು ಬುದ್ಧಿವಂತರೇ ಬಿಡಿ. ಕೆಲಸದಲ್ಲಿ ಅವಳದೂ ಅದೇ ನಡಿಗೆ, ಮೆಲ್ಲಗೆ, ಮೈ ನೆಲ ಬಿಡದ ಹಾಗೆ. ಓದಿದ್ದು ಜೀವರಸಾಯನ ವಿಜ್ಞಾನ. ಜೊತೆಯಲ್ಲಿ ಓದಿದವರು ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಂತ ಮನುಷ್ಯರ ರೋಗಗಳ ಬೆನ್ನು ಹತ್ತಿದರೆ, ಇವಳು ಹೋಗಿ ಹೋಗಿ ಬೆನ್ನೆಲುಬೇ ಇಲ್ಲದ ಪ್ರಾಣಿಯ ಬೆನ್ನು ಹತ್ತಿದಳು. ಮದುವೆ ಮುಂಜಿಗಳಲ್ಲಿ ಸಿಕ್ಕ ನೆಂಟರು, ಏನಮ್ಮ ಇನ್ನೂ ಆ ಹುಳುಗಳೇನಾ ಎಂದು ಕೇಳುತ್ತಿದ್ದರು. ಇನ್ನೂ ಅವೇ ಎಂದು ಅವಳು ನಗುತ್ತಿದ್ದಳು.

ಅವಳು ಹುಡುಕುತ್ತಿದ್ದದ್ದು ನರಗಳು ಆಡುವ ಮಾತನ್ನು. ನರಗಳು ದೂರದ ಅಂಗಗಳಿಗೆ ಸುದ್ದಿ ಮುಟ್ಟಿಸಲು ಕೆಲವು ಸಣ್ಣ ಪದಾರ್ಥಗಳನ್ನು ಬಿಡುತ್ತವೆ; ನಾಲ್ಕಾರು ಕೊಂಡಿಗಳ ಪುಟ್ಟ ಸರಪಳಿಗಳು. ಅವಕ್ಕೆ ಪೆಪ್ಟೈಡ್ ಎಂದು ಹೆಸರು. ಹುಳುವಿನ ಗಂಟಲ ಸುತ್ತ ಉಂಗುರದಂತೆ ಕೂತಿರುವ ನರಗಂಟುಗಳಲ್ಲಿ ಹೃದಯಕ್ಕೆ ಬೇಗ ಬೇಗ ಮಿಡಿ ಎಂದು ಹೇಳುವ ಒಂದು ಪೆಪ್ಟೈಡ್ ಇದೆ ಎಂಬುದು ಅವಳ ನಂಬಿಕೆ. ಚಿಮಟದಲ್ಲಿ ನರಗಂಟುಗಳನ್ನು ಬಿಡಿಸಿ, ಅರೆದು, ರಸ ತೆಗೆದು, ತೊಟ್ಟು ತೊಟ್ಟಾಗಿ ಬೇರ್ಪಡಿಸಿ, ಒಂದೊಂದು ಪಾಲನ್ನೂ ಇಳಿಬಿಟ್ಟ ಹೃದಯದ ಮೇಲೆ ಹಾಕಿ ನೋಡುವುದು ಅವಳ ಕಸುಬು. ಹೃದಯ ಮಿಡಿದಾಗಲೆಲ್ಲ ದಾರ ಒಂದು ಕಡ್ಡಿಯನ್ನು ಜಗ್ಗುತ್ತದೆ, ಕಡ್ಡಿಯ ತುದಿ ತಿರುಗುವ ಕಾಗದದ ಮೇಲೆ ಗೀರು ಎಳೆಯುತ್ತದೆ. ಗೀರುಗಳು ಒತ್ತಾದರೆ ಆ ಪಾಲಿನಲ್ಲಿ ಮಾತಿದೆ, ಇಲ್ಲವಾದರೆ ಇಲ್ಲ. ಇಷ್ಟೇ. ಕೇಳಲು ಸುಲಭ, ಮಾಡಲು ಒಂದು ಜನ್ಮ ಸಾಲದು.

ಈ ಹೃದಯವನ್ನು ಇಳಿಬಿಡಲು ಒಂದು ಬಟ್ಟಲು ಬೇಕಾಗಿತ್ತು. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಎರಡು ಗೋಡೆಯದು, ನಡುವೆ ತಣ್ಣೀರು ಹರಿಯಬೇಕು, ಕೆಳಗೊಂದು ಪುಟ್ಟ ನಲ್ಲಿ. ಅದಕ್ಕಾಗಿ ಚಿತ್ರ ಬರೆದುಕೊಂಡು ಅವಳು ನೆಲಮಾಳಿಗೆಯಲ್ಲಿದ್ದ ಗಾಜು ಊದುವವನ ಕೋಣೆಗೆ ಹೋದಳು. ಆಗೆಲ್ಲ ದೊಡ್ಡ ಸಂಸ್ಥೆಗಳಲ್ಲಿ ಇಂಥವನೊಬ್ಬ ಇರುತ್ತಿದ್ದ. ವಿಜ್ಞಾನಿಗಳು ಕೇಳಿದ ಆಕಾರದ ಪಾತ್ರೆಗಳನ್ನು ಬೆಂಕಿಯ ಮುಂದೆ ಕೂತು ಊದಿ ಕೊಡುವುದು ಅವನ ಕೆಲಸ. ಇವನು ಉದ್ದಕ್ಕೆ ಸಣ್ಣಗೆ ಇದ್ದ, ಮೈಯೆಲ್ಲ ಸುಟ್ಟ ವಾಸನೆ. ಅಡ್ಡಹೆಸರು ಊದುಬತ್ತಿ. ಚಿತ್ರವನ್ನು ಅತ್ತ ಇತ್ತ ತಿರುಗಿಸಿ ನೋಡಿ, ಇದು ಅರ್ಥವಾಗಲಿಲ್ಲ, ಒಳಗೆ ಏನಿರುತ್ತೋ ಅದನ್ನೇ ತೋರಿಸಿ ಎಂದ. ಅವಳು ಅವನನ್ನು ಮಹಡಿಗೆ ಕರೆತಂದು ಒಂದು ಲೋಟದಲ್ಲಿ ಮಿಡಿಯುತ್ತಿದ್ದ ಹೃದಯವನ್ನು ತೋರಿಸಿದಳು. ಅವನು ಬಗ್ಗಿ ನೋಡಿದ. ಎಷ್ಟು ಹೊತ್ತಾದರೂ ಏಳಲಿಲ್ಲ. ಉಸಿರು ಹಿಡಿದುಕೊಂಡಿದ್ದಾನೆ ಎಂದು ಅವಳಿಗೆ ಆಮೇಲೆ ತಿಳಿಯಿತು.

ಬಟ್ಟಲು ಬಂದಾಗ ಅದರ ಮೇಲೆ ಬೆರಳಿಡಲು ಅವಳಿಗೆ ಮನಸ್ಸಾಗಲಿಲ್ಲ, ಅಷ್ಟು ಚೊಕ್ಕವಾಗಿತ್ತು. ಹುಳುವಿನ ಲೋಳೆ ಅಂಟಿ ಹಾಳಾಗುತ್ತದೇನೋ ಎಂದಳು. ಅವನು ಪಂಚಪ್ರಾಣವನ್ನೂ ಅಡವಿಡುವವನ ಹಾಗೆ ಹೇಳಿದ.

"ಗಾಜಿಗೆ ಏನೂ ಅಂಟಲ್ಲ ಮೇಡಂ. ತೊಳೆದ್ರೆ ಮುಗೀತು, ನಿನ್ನೆ ಏನಿತ್ತೋ ಅದಕ್ಕೇ ನೆನಪಿರಲ್ಲ. ನಂಗೆ ಗಾಜು ಇಷ್ಟ ಅದಕ್ಕೇ."

ಆಮೇಲೆ ಬಟ್ಟಲುಗಳು ಬೇಕೆಂದು ಅವಳು ಪದೇ ಪದೇ ನೆಲಮಾಳಿಗೆಗೆ ಇಳಿದಳು. ಬೇಕಿಲ್ಲದಾಗಲೂ ಇಳಿದಳು. ಇಬ್ಬರೂ ಮದುವೆಯಾದಾಗ, ಬಸವನಹುಳುವಿಗೆ ಊದುಬತ್ತಿ ಬೆಳಗಿದರಪ್ಪ ಎಂದು ಕ್ಯಾಂಟೀನಿನಲ್ಲಿ ಒಂದು ವಾರ ನಕ್ಕರು. ಡಾಕ್ಟರೇಟು ಮಾಡಿದವಳು ಊದುವವನನ್ನು ಕಟ್ಟಿಕೊಂಡಳಲ್ಲ ಎಂದು ಮೂಗು ಮುರಿದವರೂ ಇದ್ದರು. ಅವನು ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಮದುವೆಯಾದ ಮೇಲೂ ಮನೆಯಲ್ಲಿ ಅವಳನ್ನು ಮೇಡಂ ಎಂದೇ ಕರೆದ. "ಮೇಡಂ, ಉಪ್ಪು ಕಡಿಮೆ." "ಮೇಡಂ, ಕಾಲು ತೆಗೀರಿ, ಕಸ ಗುಡಿಸ್ಬೇಕು." ಆ ಮೇಡಂನಲ್ಲಿ ಎಷ್ಟು ಕೀಟಲೆ, ಎಷ್ಟು ಅಕ್ಕರೆ ಇತ್ತೆಂದರೆ, ಹೆಸರು ಹಿಡಿದು ಕರೆಯುವ ಗಂಡಂದಿರ ಹೆಂಡತಿಯರನ್ನು ಕಂಡು ಅವಳಿಗೆ ಅಯ್ಯೋ ಅನ್ನಿಸುತ್ತಿತ್ತು.

ಅತ್ತೆ ಒಂದೇ ಒಂದು ಬುದ್ಧಿಮಾತು ಹೇಳಿದ್ದರು. ಹೊಸ ಸೊಸೆಯನ್ನು ಅಡುಗೆಮನೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ತರಕಾರಿ ಹೆಚ್ಚುತ್ತಲೇ ಹೇಳಿದ್ದು.

"ನನ್ನ ಮಗನಿಗೆ ಏನೂ ಅಂಟಲ್ಲ ಅಂತ ಎಲ್ರೂ ಹೇಳ್ತಾರಮ್ಮ. ಬೈದ್ರೂ ಅಷ್ಟೇ, ಹೊಗಳಿದ್ರೂ ಅಷ್ಟೇ. ನೀನು ಮಾತ್ರ ಅದನ್ನ ನಂಬ್ಬೇಡ."

ಅವಳು ತಲೆಯಾಡಿಸಿದಳು, ಮರೆತಳು. ಮರೆಯಲು ಅವನೇ ಅನುವು ಮಾಡಿಕೊಟ್ಟ. ಅವನು ಊದುತ್ತಿದ್ದದ್ದು ಗಾಜನ್ನು ಮಾತ್ರ. ಮುಖ ಊದಿಸಿಕೊಂಡದ್ದನ್ನು ಅವಳು ಒಂದು ದಿನವೂ ನೋಡಲಿಲ್ಲ. ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೂ ಅವನು ದಾರಿಯಲ್ಲಿ ಹಣ್ಣು ಕೊಂಡು, ಮನೆಗೆ ಬಂದು ಅವಳಿಗೆ ಬಿಡಿಸಿ ಕೊಟ್ಟ. ಅವಳು ಅತ್ತಳು. ಅವನು ಸಿಪ್ಪೆಗಳನ್ನು ಎತ್ತಿ ಹಾಕಿದ.

ಇತ್ತ ಕೆಲಸ ಕೈಕೊಡುತ್ತಿತ್ತು. ನರಗಂಟುಗಳನ್ನು ಅರೆದು ತೆಗೆದ ಕಲಸುಮೇಲೋಗರದ ರಸವನ್ನು ಹಾಗೇ ಹಾಕಿದರೆ ಹೃದಯ ಕುಣಿಯುತ್ತದೆ. ಒಂದು ಸಲ ಶುದ್ಧ ಮಾಡಿ ಹಾಕಿದರೆ ಅರೆಮನಸ್ಸಿನಿಂದ ಮಿಡಿಯುತ್ತದೆ. ಇನ್ನಷ್ಟು ಶುದ್ಧ ಮಾಡಿ, ಇನ್ನೇನು ಪದಾರ್ಥ ಕೈಗೆ ಸಿಕ್ಕಿತು ಅನ್ನುವಾಗ, ಏನೂ ಇಲ್ಲ. ಗೀರುಗಳು ಮೊದಲಿದ್ದ ಹಾಗೆಯೇ, ದೂರದೂರ. ಹುಳುಗಳನ್ನು ಬದಲಿಸಿದಳು, ಉಪ್ಪುನೀರು ಬದಲಿಸಿದಳು, ಆಸಿಡ್ಡು ಬದಲಿಸಿದಳು. ಟ್ಯೂಬುಗಳನ್ನು ತೊಳೆಯುವವನ ಮೇಲೆ ಅನುಮಾನಪಟ್ಟು ತಾನೇ ತೊಳೆದಳು. ಅವಳು ಪಡದ ಪಾಡಿಲ್ಲ. ವರ್ಷಗಳು ಹೀಗೇ ಕಳೆದವು.

ವಾರ್ಷಿಕ ಪರಿಶೀಲನೆಯ ಸಭೆಯಲ್ಲಿ ನಿರ್ದೇಶಕರು ಅವಳ ಕಾಗದಗಳನ್ನು ಮಡಿಸಿಟ್ಟು, ಬಹಳ ಮೃದುವಾಗಿ ಒಂದು ಪ್ರಶ್ನೆ ಕೇಳಿದರು. ಮೃದುವಾಗಿ ಕೇಳುವುದರಲ್ಲಿ ಅವರು ನಿಪುಣರು. ಅವರ ಕೈಯಲ್ಲಿ ಕುತ್ತಿಗೆ ಕೊಯ್ಯಿಸಿಕೊಂಡವರಿಗೆ ಮನೆಗೆ ಹೋದ ಮೇಲೇ ಗೊತ್ತಾಗುತ್ತಿತ್ತು. "ಶುದ್ಧ ಮಾಡಿದಷ್ಟೂ ಮಾಯ ಆಗುತ್ತೆ ಅಂದ್ರೆ, ಅದು ಇಲ್ವೇ ಇಲ್ಲ ಅಂತ ಅರ್ಥ ಅಲ್ವೇನಮ್ಮ?" ಮುಂದಿನ ಪರಿಶೀಲನೆಯ ಹೊತ್ತಿಗೆ ಏನಾದರೂ ಕಾಣದಿದ್ದರೆ ಹುಳುಗಳ ಲ್ಯಾಬು ಮುಚ್ಚುವುದು ಎಂದಾಯಿತು.

ಅವಳನ್ನು ಉಳಿಸಿದ್ದು ಒಂದು ಜ್ವರ. ಜ್ವರ ಬಂದದ್ದು ಗಂಡನಿಗೆ. ಅವನು ಮನೆಯಲ್ಲಿ ಮಲಗಿದ್ದ ವಾರ ಲ್ಯಾಬಿನಲ್ಲಿ ಸಣ್ಣ ಟ್ಯೂಬುಗಳು ತೀರುತ್ತ ಬಂದವು, ಊದಿ ಕೊಡುವವರಿಲ್ಲ. ಆ ದಿನದ ಒಂದೊಂದು ಪಾಲಿನಲ್ಲೂ ಅರ್ಧವನ್ನು ಉಳಿದಿದ್ದ ಟ್ಯೂಬುಗಳಿಗೆ ಹಾಕಿ, ಇನ್ನರ್ಧಕ್ಕೆ ಏನೂ ತೋಚದೆ, ಫೋಟೋ ವಿಭಾಗದವರು ಎಸೆಯಲು ಇಟ್ಟಿದ್ದ ಫಿಲಂ ಸುರುಳಿಯ ಖಾಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ತೊಳೆದು ತುಂಬಿಸಿಟ್ಟಳು. ಮರುದಿನ ಡಬ್ಬಿಯಲ್ಲಿದ್ದದ್ದನ್ನು ಹಾಕಿದರೆ ಹೃದಯ ಹುಚ್ಚೆದ್ದು ಮಿಡಿಯಿತು. ಅದೇ ಪಾಲು, ಟ್ಯೂಬಿನಲ್ಲಿದ್ದದ್ದು, ಸತ್ತ ನೀರು. ಪ್ಲಾಸ್ಟಿಕ್ಕಿನಿಂದಲೇ ಏನೋ ವಿಷ ಇಳಿದಿರಬೇಕೆಂದು ಅವಳು ಮೊದಲು ಹೆದರಿದಳು. ಖಾಲಿ ಡಬ್ಬಿಯಲ್ಲಿ ಬರೀ ಉಪ್ಪುನೀರು ಇಟ್ಟು ಹಾಕಿದಳು. ಹೃದಯ ಕದಲಲಿಲ್ಲ.

ಆಗ ಅವಳಿಗೆ ಕಂಡಿತು. ಪೆಪ್ಟೈಡ್ ಮಾಯವಾಗಿರಲಿಲ್ಲ, ಗಾಜಿನ ಗೋಡೆಗೆ ಅಂಟಿಕೊಂಡು ಕೂತಿತ್ತು. ಕೊಳೆ ರಸದಲ್ಲಿ ಬೇರೆ ನೂರೆಂಟು ಪದಾರ್ಥಗಳಿದ್ದವು, ಅವು ಮೊದಲೇ ನುಗ್ಗಿ ಗೋಡೆಯನ್ನೆಲ್ಲ ಹಿಡಿದುಕೊಳ್ಳುತ್ತಿದ್ದವು. ಸೀಟೆಲ್ಲ ಭರ್ತಿಯಾದ ಬಸ್ಸಿನಲ್ಲಿ ತಡವಾಗಿ ಹತ್ತಿದವನು ನಿಂತೇ ಇರುವ ಹಾಗೆ, ಇವಳ ಪೆಪ್ಟೈಡ್ ನೀರಿನಲ್ಲೇ ಉಳಿಯುತ್ತಿತ್ತು. ಶುದ್ಧವಾದ ಮೇಲೆ ಬಸ್ಸು ಖಾಲಿ. ಹತ್ತಿದ್ದೆಲ್ಲ ಕೂತುಬಿಟ್ಟಿತು. ಗಾಜಿಗೆ ಏನೂ ಅಂಟುವುದಿಲ್ಲವೆಂದು ಹೇಳಿದವನು ಅವಳ ಗಂಡನೊಬ್ಬನೇ ಅಲ್ಲ, ಆ ಕಟ್ಟಡದಲ್ಲಿದ್ದ ಓದಿದವರೆಲ್ಲ ಹಾಗೆಯೇ ನಂಬಿದ್ದರು. ಗಾಜನ್ನು ಅನುಮಾನಿಸುವುದು ಯಾರಿಗೆ ಹೊಳೆಯುತ್ತದೆ? ತನ್ನ ಕನ್ನಡಕವನ್ನೇ ಅನುಮಾನಿಸಿದ ಹಾಗೆ.

ಅವನು ಜ್ವರ ಬಿಟ್ಟು ಕೆಲಸಕ್ಕೆ ಬಂದ ದಿನ ಅವಳು ಆ ಟ್ಯೂಬುಗಳಲ್ಲೊಂದನ್ನು ಹಿಡಿದುಕೊಂಡು, ಮೆಟ್ಟಿಲುಗಳನ್ನು ಹಾರಿಕೊಂಡೇ ನೆಲಮಾಳಿಗೆಗೆ ಇಳಿದಳು. ಖುಷಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ರೀ, ಸಿಕ್ತು ರೀ. ತಪ್ಪು ನಂದಲ್ಲ, ಗಾಜಿಂದು."

ಅವನು ಬರ್ನರನ್ನು ಆರಿಸಿದ. ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡ. ಆಮೇಲೆ ಟ್ಯೂಬನ್ನು ಅವಳ ಕೈಯಿಂದ ತೆಗೆದುಕೊಂಡು, ಗೋಡೆಯ ಮೇಲ್ಗಡೆ ಇದ್ದ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ಅವನೇ ಊದಿದ ಟ್ಯೂಬು. ಮೇಲೆ ಅವಳ ಕೈಬರಹದ ಗುರುತು, ಮೇಣದ ಕೆಂಪು ಪೆನ್ಸಿಲಿನದು.

"ಅಂಟಿರೋದು ಕಾಣುತ್ತಾ?"

"ಕಾಣಲ್ಲ."

"ತೊಳೆದ್ರೆ ಬಿಡುತ್ತಾ?"

"ನೀರಿಗೆ ಜಪ್ಪಯ್ಯ ಅಂದ್ರೂ ಬಿಡಲ್ಲ. ಆಸಿಡ್ ಹಾಕ್ಬೇಕು."

ಅವನು ಹೂಂ ಎಂದ. "ಒಳ್ಳೇದಾಯ್ತು ಮೇಡಂ," ಎಂದು ಟ್ಯೂಬನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬರ್ನರ್ ಹೊತ್ತಿಸಿದ. ಅವಳು ಟ್ಯೂಬನ್ನು ಮರೆತು ಮಹಡಿಗೆ ಓಡಿದಳು, ಹೃದಯ ಕಾಯುತ್ತಿತ್ತು.

ಅವಳ ಲೇಖನ ದೊಡ್ಡ ಪತ್ರಿಕೆಯೊಂದರಲ್ಲಿ ಬಂತು. ಅದರಲ್ಲಿ ಒಂದು ಸಾಲು: ಈ ಕೆಲಸಕ್ಕೆ ಗಾಜಿನ ಪಾತ್ರೆಗಳನ್ನು ಬಳಸಬಾರದು. ಅದರ ಹಿಂದೆಯೇ ಇನ್ನೊಂದು ಸಾಲು ಇತ್ತು; ಬಳಸಲೇಬೇಕಾದರೆ ಏನೂ ಅಂಟದಂತೆ ಒಳಮೈಗೆ ಸಿಲಿಕೋನ್ ಲೇಪಿಸಿ ಬಳಸಬಹುದು ಎಂದು. ಲೇಖನ ಉದ್ದವಾಯಿತು, ಕಡಿಮೆ ಮಾಡಿ ಎಂದು ಪತ್ರಿಕೆಯವರು ಹೇಳಿದಾಗ ಅವಳೇ ಆ ಎರಡನೆಯ ಸಾಲನ್ನು ಹೊಡೆದುಹಾಕಿದ್ದಳು. ಅದು ಅಂಥ ಮಹತ್ವದ್ದೆಂದು ಅವಳಿಗೆ ಅನ್ನಿಸಿರಲಿಲ್ಲ. ಒಂದು ಸಾಲು ತಾನೇ.

ನಿರ್ದೇಶಕರಿಗೆ ಉಳಿದ ಸಾಲು ಬಹಳ ಹಿಡಿಸಿತು. ಪ್ಲಾಸ್ಟಿಕ್ ಟ್ಯೂಬುಗಳು ಚೀಲಗಟ್ಟಲೆ ಬರುತ್ತವೆ, ತೊಳೆಯುವ ತಾಪತ್ರಯವಿಲ್ಲ, ಬೆಂಕಿಯ ಭಯವಿಲ್ಲ, ಊದುವವನ ಹಂಗಿಲ್ಲ. ಸುತ್ತೋಲೆ ಹೊರಟಿತು: ನಮ್ಮ ಸಂಸ್ಥೆಯ ವಿಜ್ಞಾನಿಯೇ ಸಾಬೀತು ಮಾಡಿರುವಂತೆ ಗಾಜಿನ ಪಾತ್ರೆಗಳು ನಂಬಿಕೆಗೆ ಅರ್ಹವಲ್ಲ, ಆದ್ದರಿಂದ ಗಾಜು ಊದುವ ವಿಭಾಗವನ್ನು ಮುಚ್ಚಲಾಗಿದೆ. ಅವಳು ಎದ್ದುಬಿದ್ದು ಅವರ ಕೋಣೆಗೆ ಹೋದಳು. ತಾನು ಹೇಳಿದ್ದು ತನ್ನ ಪೆಪ್ಟೈಡಿಗೆ ಮಾತ್ರ, ಅದೂ ಅಷ್ಟು ತೆಳುವಾಗಿದ್ದಾಗ ಮಾತ್ರ, ಉಳಿದ ಕೆಲಸಕ್ಕೆಲ್ಲ ಗಾಜೇ ಸರಿ ಎಂದು ಪರಿಪರಿಯಾಗಿ ಹೇಳಿದಳು. ನೀವೇ ಬರೆದಿದ್ದೀರಲ್ಲಮ್ಮ ಎಂದರು ಅವರು, ಮೃದುವಾಗಿ.

ಅವನನ್ನು ಸ್ಟೋರಿಗೆ ಹಾಕಿದರು. ಇದನ್ನು ಬಿಟ್ಟು ಬೇರೆ ಕಡೆ ಜಾಗವೇ ಇರಲಿಲ್ಲವೇನೋ ಆ ಪುಣ್ಯಾತ್ಮರಿಗೆ. ಕಬ್ಬಿಣದ ಜಾಲರಿಯ ಹಿಂದೆ ಸ್ಟೂಲಿನ ಮೇಲೆ ಕೂತು, ಬಂದವರಿಗೆ ಚೀಲ ಹರಿದು ಪ್ಲಾಸ್ಟಿಕ್ ಟ್ಯೂಬುಗಳನ್ನು ಕೊಡುವುದು ಅವನ ಹೊಸ ಕೆಲಸ. ಒಂದು ದಿನ ಅವಳೇ ಹೋಗಿ ಆ ಜಾಲರಿಯ ಮುಂದೆ ನಿಲ್ಲಬೇಕಾಗಿ ಬಂತು.

"ಎಷ್ಟು ಬೇಕು ಮೇಡಂ?" ಎಂದು ಕೇಳಿದ.

ಹಿಂದೆ ಮುಂದೆ ಜನ ನಿಂತಿದ್ದರು, ನಿಜ. ಆದರೂ ಆ ಮೇಡಂನಲ್ಲಿ ಕೀಟಲೆ ಇರಲಿಲ್ಲ. ಎಲ್ಲರೂ ಕರೆಯುವ ಮೇಡಂ ಅದು. ಅವಳು ಚೀಲ ತೆಗೆದುಕೊಂಡು ಬಂದಳು. ಅವತ್ತಿನಿಂದ ಮನೆಯಲ್ಲಿ ಅವನು ಆ ಪದವನ್ನೇ ಬಿಟ್ಟ. ನೋಡು, ಕೇಳಿಲ್ಲಿ, ಬಾ ಎಂದು ಸುಧಾರಿಸಿದ. ಬೇರೇನೂ ಬದಲಾಗಲಿಲ್ಲ. ಬೆಳಿಗ್ಗೆ ಕಸ ಗುಡಿಸಿದ, ಸಂಜೆ ಅವಳ ಜೊತೆ ತರಕಾರಿಗೆ ಬಂದ, ಅವಳ ಚಪ್ಪಲಿಯ ಉಂಗುಷ್ಟ ಕಿತ್ತರೆ ಹೊಲಿದು ಕೊಟ್ಟ. ಜಗಳವಾಡಿದ್ದರೆ ಅವಳಿಗೆ ಬಿಡುಗಡೆಯಾಗುತ್ತಿತ್ತು. ಅವನು ಉಸಿರೆತ್ತಲಿಲ್ಲ.

ಒಮ್ಮೆ ಊಟಕ್ಕೆ ಬಡಿಸುತ್ತ, ಬೇಜಾರಾ ನಿಮಗೆ ಎಂದು ಕೇಳಿದಳು. ಬೇಜಾರೇನು, ಊಟ ಮಾಡು ಎಂದ. ಅಷ್ಟಕ್ಕೇ ಅವಳು ಸುಮ್ಮನಾದಳು. ನಿಜ ಹೇಳಬೇಕೆಂದರೆ ಅವಳಿಗೂ ಅಷ್ಟೇ ಬೇಕಾಗಿತ್ತು. ಅವನಿಗೆ ಏನೂ ಅಂಟುವುದಿಲ್ಲ ಎಂದು ಊರೆಲ್ಲ ಹೇಳುವಾಗ ತಾನೊಬ್ಬಳು ನಂಬಿದರೆ ತಪ್ಪೇನು? ಅತ್ತೆಯ ಮಾತು ನೆನಪಾದಾಗಲೆಲ್ಲ ಅದನ್ನು ಪಕ್ಕಕ್ಕೆ ಸರಿಸಿ ಲ್ಯಾಬಿಗೆ ನಡೆದಳು.

ಲ್ಯಾಬು ಅವಳ ಕೈ ಹಿಡಿದಿತ್ತು. ಪೆಪ್ಟೈಡಿನ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿದಳು. ಅದರ ಅಕ್ಕತಂಗಿಯರನ್ನು ಏಡಿಯಲ್ಲಿ, ಜಿಗಣೆಯಲ್ಲಿ, ಎರೆಹುಳುವಿನಲ್ಲಿ ಹುಡುಕಿ ತೆಗೆದಳು. ಅದು ಏನು ಹೇಳುತ್ತದೆ ಎಂಬುದನ್ನೂ ಕಂಡುಕೊಂಡಳು. ಒಣಹವೆಯಲ್ಲಿ ಬಸವನಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಮಲಗುತ್ತದೆ, ಹೃದಯ ಮಿಡಿಯುತ್ತದೋ ಇಲ್ಲವೋ ಅನ್ನುವಷ್ಟು ನಿಧಾನ. ನಾಲ್ಕು ಹನಿ ನೀರು ಬಿದ್ದಾಗ ನರಗಂಟುಗಳು ಇದನ್ನು ಬಿಡುತ್ತವೆ, ಹೃದಯ ಎದ್ದು ಕೂರುತ್ತದೆ, ಹುಳು ಹೊರಗೆ ಬರುತ್ತದೆ. ಹೊರಗೆ ಬಾ ಎಂದು ಕರೆಯುವ ಮಾತು ಅದು. ಈ ಕತೆಯನ್ನು ಅವಳು ದೇಶದೇಶಗಳ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡಳು. ಊರಿಗೆ ಬಂದಾಗ ಅವನು ನಿಲ್ದಾಣದಲ್ಲಿ ನಿಂತಿರುತ್ತಿದ್ದ, ಪೆಟ್ಟಿಗೆ ಎತ್ತಿಕೊಳ್ಳುತ್ತಿದ್ದ, ಚೆನ್ನಾಗಾಯ್ತಾ ಎಂದು ಕೇಳುತ್ತಿದ್ದ. ಚೆನ್ನಾಗಾಯ್ತು ಅನ್ನುತ್ತಿದ್ದಳು. ಎರಡು ಚಿಪ್ಪುಗಳು ಪಕ್ಕಪಕ್ಕದಲ್ಲಿ ಮನೆಗೆ ನಡೆಯುತ್ತಿದ್ದವು.

ಅವನ ಕೆಮ್ಮು ಶುರುವಾದದ್ದು ನಿವೃತ್ತನಾದ ಮೇಲೆ. ಬಿಸಿ ಗಾಜನ್ನು ಇಡಲು ಆ ಕೋಣೆಯಲ್ಲಿ ಮೊದಲಿಂದಲೂ ಕಲ್ನಾರಿನ ಪಟ್ಟಿಗಳನ್ನು ಬಳಸುತ್ತಿದ್ದರು. ಅದರ ದೂಳು ಎಂದೋ ಎದೆಗೆ ಇಳಿದು ಅಲ್ಲೇ ಕೂತಿತ್ತು. ಬಿಡಿಸಲು ಆಗುವುದಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ನರ್ಸಮ್ಮ ಅವನ ಕೈಗೆ ಒಂದು ಪ್ಲಾಸ್ಟಿಕ್ ಸಾಧನ ಕೊಟ್ಟಳು, ಒಳಗೆ ಮೂರು ಬಣ್ಣದ ಗುಂಡುಗಳು. ಕೊಳವೆ ಬಾಯಲ್ಲಿಟ್ಟು ಉಸಿರೆಳೆದರೆ ಗುಂಡುಗಳು ಮೇಲೇಳಬೇಕು. ಒಂದೇ ಉಸಿರಿಗೆ ಕುಂಬಳಕಾಯಿಯಷ್ಟು ದೊಡ್ಡ ಗಾಜಿನ ಬುರುಡೆ ಊದುತ್ತಿದ್ದವನ ಕೈಯಲ್ಲಿ ಮೊದಲ ಗುಂಡು ಅಲುಗಿ ಸುಮ್ಮನಾಯಿತು.

"ನಂಗೆ ಊದೋದು ಗೊತ್ತು, ಎಳ್ಕೊಳೋದು ಕಲಿಸಿಲ್ಲ ಯಾರೂ," ಎಂದು ನರ್ಸಮ್ಮನನ್ನು ನಗಿಸಿದ. ಹೆಂಡತಿಗೆ ಮಾತ್ರ ನಗು ಬರಲಿಲ್ಲ. ಆ ಸಾಧನವನ್ನು ಕೈಗೆ ತೆಗೆದುಕೊಂಡು, ಇದೂ ಪ್ಲಾಸ್ಟಿಕ್ಕೇ ಎಂದು ನೋಡುತ್ತ ಕೂತಳು.

ಇನ್ನು ಮುಂದಕ್ಕೆ ತಳ್ಳುವಂತಿಲ್ಲ ಎಂದು ಗೊತ್ತಾದ ಒಂದು ಮಧ್ಯಾಹ್ನ ಅವಳು ಮಂಚದ ಅಂಚಿನಲ್ಲಿ ಕೂತು ಕೇಳಿದಳು.

"ರೀ, ಆ ಸಾಲು ನಾನು ಹೊಡೆದುಹಾಕ್ಬಾರ್ದಿತ್ತು ಅಲ್ವಾ?"

ಯಾವ ಸಾಲು ಎಂದು ಅವನು ಕೇಳಲಿಲ್ಲ. ಅವಳ ಕೈ ಮೇಲೆ ಕೈ ಇಟ್ಟ. ಬೆರಳುಗಳ ತುದಿಯಲ್ಲಿ ಹಳೆಯ ಸುಟ್ಟ ಕಲೆಗಳು ಗಟ್ಟಿಯಾಗಿಯೇ ಇದ್ದವು.

"ನಂಗೇನೂ ಅಂಟಲ್ಲ, ಗೊತ್ತಲ್ಲ. ಮನೆಗೆ ಹೋಗಿ ಸ್ವಲ್ಪ ಮಲಗಿ ಮೇಡಂ."

ಎಷ್ಟೋ ವರ್ಷಗಳ ಮೇಲೆ ಬಂದ ಮೇಡಂ. ಆದರೆ ಅದು ಯಾವ ಮೇಡಂ? ಮನೆಯದೋ, ಸ್ಟೋರಿನದೋ? ದನಿ ಅಷ್ಟು ಕ್ಷೀಣವಾಗಿತ್ತು, ಅವಳಿಗೆ ಗುರುತು ಹಿಡಿಯಲು ಆಗಲಿಲ್ಲ. ಇನ್ನೊಂದು ಸಲ ಕರೆಯಿರಿ ಎಂದು ಕೇಳಲು ಬಾಯಿ ಬರಲಿಲ್ಲ. ಆ ವಾರದಲ್ಲೇ ಅವನು ಹೋದ.

ಸಾವಿನ ಮನೆಗೆ ಬಂದವರು ಒಳ್ಳೆಯ ಮಾತುಗಳನ್ನೇ ಆಡಿದರು. ಎಂಥ ಮನುಷ್ಯ, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಂಡವನಲ್ಲ ಎಂದರು. ಅವಳು ಹೌದು ಹೌದು ಅಂದಳು. ಎಲ್ಲರೂ ಹೋದ ಮೇಲೆ, ಅವನ ಸಾಮಾನಿನ ಪೆಟ್ಟಿಗೆಯನ್ನು ಯಾರಿಗಾದರೂ ಕೊಡೋಣವೆಂದು ತೆಗೆದಳು. ಇಕ್ಕುಳಗಳು, ಗಾಜು ಕೊರೆಯುವ ಚಾಕು, ಮಸಿ ಹಿಡಿದ ಕಡ್ಡಿಗಳು. ಎಲ್ಲದರ ತಳದಲ್ಲಿ ಹಳೆಯ ಮಫ್ಲರಿನಲ್ಲಿ ಸುತ್ತಿಟ್ಟಿದ್ದ ಒಂದು ಸಣ್ಣ ಟ್ಯೂಬು. ಮೇಲೆ ಮೇಣದ ಕೆಂಪು ಗುರುತು, ಅವಳದೇ ಅಕ್ಷರ. ಅಕ್ಷರ ಅಳಿಸಿರಲಿಲ್ಲ, ಅಂದರೆ ಅವನು ಅದನ್ನು ತೊಳೆದೇ ಇರಲಿಲ್ಲ.

ಅವಳಿಗೆ ಪ್ರೀತಿಯಿಂದ ಊದಿ ಕೊಟ್ಟ ಮೊದಲ ಬಟ್ಟಲನ್ನು ಅವನು ಇಟ್ಟುಕೊಂಡಿರಲಿಲ್ಲ. ಅದು ಉಳಿದ ಗಾಜಿನ ಜೊತೆ ಗುಜರಿಗೆ ಹೋಗಿತ್ತು. ಇಟ್ಟುಕೊಂಡದ್ದು ಇದನ್ನು, ತಪ್ಪು ಗಾಜಿನದು ಎಂದು ಅವಳು ಕುಣಿದಾಡಿಕೊಂಡು ತಂದದ್ದನ್ನು. ಅವಳು ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು.

ಮರುದಿನ ಟ್ಯೂಬನ್ನು ಕೈಚೀಲದಲ್ಲಿಟ್ಟುಕೊಂಡು ಲ್ಯಾಬಿಗೆ ಹೋದಳು. ಅವಳೂ ನಿವೃತ್ತಳಾಗಿದ್ದಳು, ಈಗ ಅಲ್ಲಿ ನಡೆಸುತ್ತಿದ್ದವಳು ಅವಳ ಶಿಷ್ಯೆ, ಹಿಂದೆ ಹೃದಯ ನೋಡಿ ಬಾಯಿ ಬಿಟ್ಟುಕೊಂಡು ನಿಂತವರಲ್ಲಿ ಒಬ್ಬಳು. ವಿಷಯ ಕೇಳಿ ಶಿಷ್ಯೆ ಟ್ಯೂಬನ್ನು ಮುಟ್ಟಲಿಲ್ಲ.

"ಇಷ್ಟು ವರ್ಷ ಆಗಿದೆ ಮೇಡಂ, ಏನೂ ಉಳಿದಿರಲ್ಲ. ಉಳಿದಿದ್ರೂ, ಒಂದ್ಸಲ ಆಸಿಡ್ ಹಾಕಿದ್ರೆ ಎಲ್ಲಾ ಬಿಟ್ಟುಹೋಗುತ್ತೆ. ಆಮೇಲೆ ಬರೀ ಗಾಜು. ಹಾಗೇ ಇಟ್ಕೊಳ್ಳಿ, ನನ್ನ ಮಾತು ಕೇಳಿ."

ಸರಿಯಾದ ಮಾತೇ. ಅವಳೂ ಬಸ್ಸಿನಲ್ಲಿ ಬರುತ್ತ ತನ್ನನ್ನು ತಾನೇ ಇದನ್ನು ಕೇಳಿಕೊಂಡಿದ್ದಳು. ಆದರೆ ತಿಳಿಯದೆ ಬದುಕಿ ಬದುಕಿ ಅವಳಿಗೆ ಸಾಕಾಗಿತ್ತು. ಒಂದು ಹೃದಯ ಇಳಿಬಿಡು ಎಂದಳು.

ಮೊದಲು ಟ್ಯೂಬಿಗೆ ಬರೀ ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನು ಹೃದಯಕ್ಕೆ ಬಿಟ್ಟಳು. ಗೀರುಗಳು ದೂರದೂರವೇ ಬಿದ್ದವು. ಆಮೇಲೆ ಆಸಿಡ್ ಹಾಕಿ, ಹೊತ್ತು ಕೊಟ್ಟು, ಅದರ ಹುಳಿ ಮುರಿದು, ಹನಿ ಹನಿಯಾಗಿ ಬಿಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಶಿಷ್ಯೆ ಸಮಾಧಾನ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ದಾರ ಜಗ್ಗಿತು. ಗೀರುಗಳು ಹತ್ತಿರ ಬಂದವು, ಒತ್ತಾದವು, ಒಂದರ ಮೇಲೊಂದು ಬಿದ್ದವು. ಉಪ್ಪುನೀರಿನಲ್ಲಿ ಆ ಕಾಳಿನಷ್ಟು ಹೃದಯ, ಯಾರೋ ಹೊರಗೆ ಬಾ ಎಂದು ಕರೆದ ಹಾಗೆ, ಬಡಿದುಕೊಂಡಿತು.

"ನೀರಲ್ಲಿ ತೊಳೆದು ನೋಡ್ತಾ ಇದ್ದೆ ಕಣೇ, ಇಷ್ಟು ವರ್ಷ," ಎಂದಳು ಅವಳು. "ಊಟ ಆಯ್ತಾ, ಬೇಜಾರಾ, ಏನಾದ್ರೂ ಬೇಕಾ. ಏನೂ ಬರ್ಲಿಲ್ಲ. ಏನೂ ಇಲ್ಲ ಅಂದ್ಕೊಂಡೆ. ಎಲ್ಲಾ ಅಲ್ಲೇ ಅಂಟ್ಕೊಂಡಿತ್ತು."

ಶಿಷ್ಯೆ ಅವಳ ಬೆನ್ನ ಮೇಲೆ ಕೈ ಇಟ್ಟಳು. ಹೃದಯ ಮೆಲ್ಲಗೆ ತನ್ನ ಹಳೆಯ ಲಯಕ್ಕೆ ಮರಳಿತು. ಅದು ನಿಲ್ಲುವವರೆಗೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಸಂಜೆ ಹೊರಡುವಾಗ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವನು ತಿರುಗಿಸಿದ ಹಾಗೆಯೇ ತಿರುಗಿಸಿ ನೋಡಿದಳು. ಕೆಂಪು ಗುರುತು ಅವಳ ಬೆರಳಿಗೆ ಹತ್ತಿ ಅಳಿಸಿಹೋಗಿತ್ತು. ಈಗ ಅದಕ್ಕೆ ನಿಜವಾಗಿಯೂ ಏನೂ ಅಂಟಿರಲಿಲ್ಲ.